ಭಟ್ರು ಬರುವವರೆಗೆ ದೋಸೆ ಇಲ್ಲ

ಆ ದಿನ ಹನ್ನೊಂದೂವರೆಗೆ ನಮ್ಮ ಹೋಟೆಲಿನಲ್ಲಿ ಕಣ್ಣು ನೆಟ್ಟಗೆ ಕಾಣುವವರು ಒಬ್ಬರೂ ಇರಲಿಲ್ಲ. ಅದಕ್ಕೆ ನಾನೇ ಕಾರಣ ಎಂದು ನನ್ನ ಗಂಡ ಇವತ್ತಿಗೂ ಕಾಫಿಗೆ ಬಂದವರಿಗೆಲ್ಲ ಹೇಳುತ್ತಾರೆ. ಅದು ಅರ್ಧ ನಿಜ. ಉಳಿದರ್ಧವನ್ನು ನಾನು ಬರೆದಿಡದಿದ್ದರೆ ಅವರು ಹೇಳಿದ್ದೇ ಕೊನೆಗೆ ಚರಿತ್ರೆಯಾಗಿಬಿಡುತ್ತದೆ, ಅದಕ್ಕೇ ಕೂತಿದ್ದೇನೆ.

ತ್ರಿಪ್ಲಿಕೇನಿನ ಒಂದು ಸಂದಿಯಲ್ಲಿ ನಮ್ಮದು ಸಣ್ಣ ಸಸ್ಯಾಹಾರಿ ಹೋಟೆಲು. ಗಂಡನ ಅಜ್ಜ ಕುಂದಾಪುರದ ಕಡೆಯಿಂದ ಬಂದು ಶುರುಮಾಡಿದ್ದು. ಕೆಳಗೆ ಹೋಟೆಲು, ಮೇಲೆ ನಮ್ಮ ಮನೆ, ಅದರ ಮೇಲೆ ಕೆಲಸದವರ ಕೋಣೆಗಳು. ಗಲ್ಲಾದಲ್ಲಿ ಕೂರುವವಳು ನಾನು. ಬಾಗಿಲ ಮೆಟ್ಟಿಲ ಪಕ್ಕದ ಫುಟ್‌ಪಾತಿನಲ್ಲಿ ಮಲ್ಲಿಗೆ ಕಟ್ಟಿ ಮಾರುವ ಮುದುಕಿಯೊಬ್ಬಳು ಕೂರುತ್ತಾಳೆ. ನಾನು ಮದುವೆಯಾಗಿ ಬಂದಾಗಲೂ ಅವಳು ಅಲ್ಲೇ ಇದ್ದಳು, ಆಗಲೂ ಮುದುಕಿಯಂತೆಯೇ ಇದ್ದಳು.

ನಮ್ಮ ಹೋಟೆಲಿಗೆ ಹೆಸರು ಬಂದದ್ದು ದೋಸೆಯಿಂದ, ದೋಸೆಗೆ ಹೆಸರು ಬಂದದ್ದು ದೋಸೆ ಭಟ್ರಿಂದ. ಅವರಿಗೆ ಎಪ್ಪತ್ತರ ಹತ್ತಿರ. ಕಾವಲಿಯ ಮುಂದೆ ನಿಂತರೆ ಅವರೇ ಯಜಮಾನರು, ನನ್ನ ಗಂಡ ಬರೀ ಬಾಡಿಗೆದಾರ. ಅವರ ಶಿಸ್ತು ನಮ್ಮ ಬೀದಿಗೆಲ್ಲ ಗೊತ್ತು. ಎಣ್ಣೆಯ ಡಬ್ಬಿ ಬಲಗಡೆ, ಹಿಟ್ಟಿನ ಪಾತ್ರೆ ಎಡಗಡೆ, ಸಟ್ಟುಗ ಅದರ ಮೊಳೆಯ ಮೇಲೆ. ಯಾರಾದರೂ ಎಣ್ಣೆ ಡಬ್ಬಿಯನ್ನು ನಾಲ್ಕು ಬೆರಳು ಆಚೆ ಇಟ್ಟರೆ ಮುಗಿಯಿತು, ಅವರ ಮೂರು ತಲೆಮಾರು ಜಾಲಾಡುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ನನ್ನ ಗಂಡ ಅಡಿಗೆಮನೆಗೆ ಕರೆದುಕೊಂಡು ಹೋಗಿ, "ಕಲಿಯುವುದಿದ್ದರೆ ಇವರನ್ನು ನೋಡಿ ಕಲೀರಿ" ಎನ್ನುತ್ತಿದ್ದರು. ನಾವು ನಾಲ್ಕು ವರ್ಷ ಇದನ್ನು ಶಿಸ್ತು ಎಂದೇ ಹೊಗಳಿದೆವು. ನೆನೆಸಿಕೊಂಡರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಇನ್ನೊಂದು ಕೆಲಸವೂ ಅವರದ್ದೇ. ದಿನಾ ಬೆಳಿಗ್ಗೆ ನಮ್ಮ ಅತ್ತೆ ಮೇಲಿನ ಕಿಟಕಿಯಿಂದ, "ಭಟ್ರೇ, ಇವತ್ತ್ ತಿಥಿ ಎಂತ?" ಎಂದು ಕೇಳುವುದು, ಕೆಳಗಿನಿಂದ ಭಟ್ರು ಕೂಗಿ ಹೇಳುವುದು. ಏಕಾದಶಿ ಎಂದು ಅವರು ಕೂಗಿದ ದಿನ ಅತ್ತೆ ಉಪವಾಸ, ಅಡಿಗೆಯವರಲ್ಲಿ ಇಬ್ಬರು ಉಪವಾಸ, ಭಟ್ರೂ ಉಪವಾಸ. ಗಲ್ಲಾದ ಹಿಂದೆ ನೇತುಹಾಕಿದ ತಮಿಳು ಕ್ಯಾಲೆಂಡರಿನಲ್ಲಿ ಏಕಾದಶಿ ಎಷ್ಟೋ ಸಲ ಒಂದು ದಿನ ಮೊದಲೇ ಇರುತ್ತಿತ್ತು. ನಮ್ಮ ಊರಿನ ಪಂಚಾಂಗ ಬೇರೆ, ಹಾಗೆ ಒಂದು ದಿನ ಹಿಂದುಮುಂದಾಗುವುದು ಇದ್ದದ್ದೇ ಎಂದು ನಾನು ಅದರ ಬಗ್ಗೆ ತಲೆ ಕೆಡಿಸಿಕೊಂಡವಳಲ್ಲ.

ಕಣ್ಣಿನ ವ್ಯಾನು ನಮ್ಮ ಬಾಗಿಲಿಗೆ ಬಂದದ್ದು ಒಂದು ಲೋಟ ಕಾಫಿಯಿಂದ. ಧರ್ಮಾಸ್ಪತ್ರೆಯೊಂದರ ಪರವಾಗಿ ಬೀದಿ ಬೀದಿಯಲ್ಲಿ ಕ್ಯಾಂಪು ಏರ್ಪಡಿಸುವ ಮೇಡಂ ಒಬ್ಬರು ಕಾಫಿಗೆ ಬಂದವರು ಗಲ್ಲಾದ ಮುಂದೆ ನಿಂತು, ನಮ್ಮ ಊಟದ ಕೋಣೆಯನ್ನು ಕೈ ತೊಳೆಯುವ ಜಾಗದಿಂದ ಗಲ್ಲಾದವರೆಗೆ ಹೆಜ್ಜೆ ಹಾಕಿ ಅಳೆದರು. ಅಕ್ಷರದ ಹಲಗೆಯನ್ನು ಅಷ್ಟು ದೂರದಲ್ಲೇ ಇಡಬೇಕಂತೆ. ಒಂದು ಬೆಳಿಗ್ಗೆ ಆ ಜಾಗ ಬಿಟ್ಟುಕೊಟ್ಟರೆ ಬೀದಿಯವರಿಗೆಲ್ಲ ಉಪಕಾರವಾಗುತ್ತದೆ ಎಂದರು.

ನಾನು ಅವರ ಮೇಲೆ ರೇಗಿದೆ. ರೇಗಲು ಕಾರಣವಿತ್ತು. ಈ ಊರಿನಲ್ಲಿ ಕಣ್ಣಿನ ಆಸ್ಪತ್ರೆಗಳಿಗೆ ಬರವಿಲ್ಲ. ಬೇರೆ ಊರಿನವರು ರೈಲು ಹತ್ತಿ ಇಲ್ಲಿಗೆ ಬರುತ್ತಾರೆ. ಆದರೆ ಆಸ್ಪತ್ರೆ ತೆರೆಯುವ ಹೊತ್ತಿಗೆ ನಮ್ಮವರು ಇಡ್ಲಿ ಬೇಯಿಸುತ್ತಿರುತ್ತಾರೆ, ನಮ್ಮವರು ಕೈ ಒರೆಸಿಕೊಂಡು ಕೂರುವ ಮಧ್ಯಾಹ್ನ ಮೂರು ಗಂಟೆಗೆ ಆಸ್ಪತ್ರೆಯಲ್ಲಿ ಟೋಕನ್ ಮುಗಿದಿರುತ್ತದೆ. ಆಟೋದವರಿಗೂ ಹೂವಿನವಳಿಗೂ ಅಷ್ಟೆ. ಎರಡು ಬಸ್ಸಿನ ದೂರ ದೊಡ್ಡದಲ್ಲ, ಅರ್ಧ ದಿನ ದೊಡ್ಡದು. ಇದನ್ನೆಲ್ಲ ಹೇಳಿ, "ಮೂರು ಗಂಟೆಗೆ ಬನ್ನಿ" ಎಂದೆ. ವ್ಯಾನು ಬೆಳಿಗ್ಗೆ ಮಾತ್ರ ಸಿಗುತ್ತದೆ ಎಂದರು ಮೇಡಂ. ಕೊನೆಗೆ ಬೆಳಿಗ್ಗೆಯ ತಿಂಡಿ ಬೇಗ ಮುಗಿಸಿ, ಮಧ್ಯಾಹ್ನದ ಊಟ ಶುರುವಾಗುವ ಮೊದಲು ಕ್ಯಾಂಪು ಎಂದು ರಾಜಿಯಾಯಿತು. ಮೊದಲು ನಮ್ಮ ಕೆಲಸದವರನ್ನು ನೋಡಬೇಕು, ಆಮೇಲೆ ಬೀದಿಯವರನ್ನು. ಇಷ್ಟು ನನ್ನ ಪಾಲಿನ ಅರ್ಧ.

ಇನ್ನರ್ಧ ನನ್ನ ಗಂಡನದ್ದು. ಕ್ಯಾಂಪಿನ ದಿನ ಮೇಡಂ ಒಂದು ಸಣ್ಣ ಬಾಟಲಿ ತೋರಿಸಿ, ಈ ಹನಿ ಹಾಕಿದರೆ ಮೂರು ನಾಲ್ಕು ಗಂಟೆ ಹತ್ತಿರದ್ದೆಲ್ಲ ಮಂಜುಮಂಜು, ಬೆಳಕು ಚುಚ್ಚುತ್ತದೆ ಎಂದು ಬಿಡಿಸಿ ಹೇಳಿದರು. "ಎಲ್ಲಾರುಕ್ಕುಂ ಒರೇ ನೇರತ್ತುಲೆ ವೇಂಡಾಂ ಸಾರ್. ಎಲ್ಲರಿಗೂ ಒಟ್ಟಿಗೇ ಬೇಡ, ಇವತ್ತು ಅರ್ಧ ಜನಕ್ಕೆ ಹಾಕೋಣ, ಉಳಿದವರಿಗೆ ಇನ್ನೊಂದು ಸಲ" ಎಂದರು. ನನ್ನ ಗಂಡನಿಗೆ ಅರ್ಧ ಎಂಬ ಮಾತೇ ಆಗದು. ಅವರು ಹುಟ್ಟಿದ್ದು ಪಂಕ್ತಿಯಲ್ಲಿ, ಬೆಳೆದದ್ದು ಪಂಕ್ತಿಯಲ್ಲಿ. ಅರ್ಧ ಪಂಕ್ತಿಗೆ ಬಡಿಸಿ ಇನ್ನರ್ಧವನ್ನು ನೋಡುತ್ತ ಕೂರಿಸುವುದು ಅವರ ಮಟ್ಟಿಗೆ ಮಹಾಪಾಪ. "ಎಂತ ಮೂರು ಗಂಟೆ! ಕಣ್ಣಿಗೆ ಕಾಡಿಗೆ ಹಚ್ಚಿದ ಹಾಂಗೆ, ಹತ್ತು ನಿಮಿಷದಲ್ಲಿ ಸರಿಯಾಗತ್ತೆ. ಒಂದೇ ಪಂಕ್ತಿಯಲ್ಲಿ ಮುಗಿಸಿ" ಎಂದು ಎಲ್ಲರನ್ನೂ ಬೆಂಚಿನ ಮೇಲೆ ಸಾಲಾಗಿ ಕೂರಿಸಿದರು. ತಾವೂ ಕೂತರು, ನನ್ನನ್ನೂ ಕೂರಿಸಿದರು.

ನರ್ಸು ಸಾಲಿನ ಈ ತುದಿಯಿಂದ ಆ ತುದಿಗೆ ತುಪ್ಪ ಬಡಿಸಿದ ಹಾಗೆ ಹನಿ ಹಾಕುತ್ತ ಹೋದಳು. ಎರಡನೇ ಸಲವೂ ಬಂದಳು, ಮೂರನೇ ಸಲವೂ ಬಂದಳು. ನಮ್ಮವರಿಗೆ ಬಡಿಸಲು ಬಂದವರನ್ನು ಬೇಡ ಎಂದು ಕಳಿಸಿ ಅಭ್ಯಾಸವಿಲ್ಲ. ಸಾಂಬಾರು ಬಡಿಸುವವನೊಬ್ಬ, "ಎಡಕ್ಕೆ ಸ್ವಲ್ಪ ಕಮ್ಮಿ ಆಯ್ತ್" ಎಂದು ಕೇಳಿ ಹಾಕಿಸಿಕೊಂಡ.

ಪಂಕ್ತಿಗೆ ಬಾರದವರು ಭಟ್ರೊಬ್ಬರೇ. ಕರೆಯಲು ಹೋದರೆ ಉಗ್ರಾಣದ ಕತ್ತಲಲ್ಲಿ ಉದ್ದಿನ ಚೀಲದ ಹಿಂದೆ ನಿಂತಿದ್ದರು.

"ಇವತ್ತ್ ಏಕಾದಶಿ ಅಮ್ಮ. ಮದ್ದ್ ಬಾಯಿಗೂ ಇಲ್ಲೆ, ಕಣ್ಣಿಗೂ ಇಲ್ಲೆ."

"ಕಣ್ಣಿನಿಂದ ಯಾರಾದ್ರೂ ಊಟ ಮಾಡ್ತಾರಾ ಭಟ್ರೇ?"

"ಹನಿ ಗಂಟ್ಲಿಗೆ ಇಳಿತ್ತಂಬ್ರು. ಉಪವಾಸ ಕೆಡತ್ತ್. ನಂಗ್ ಎಂತ ಆಯ್ಲಿಲ್ಲೆ, ಕಣ್ಣ್ ಎಲ್ಲ ಕಾಂತ್."

ಹನಿ ಗಂಟಲಿಗೆ ಇಳಿಯುವುದು ನಿಜವೇ, ನನ್ನ ಬಾಯಿ ಆಗಲೇ ಕಹಿಯಾಗಿತ್ತು. ವಾದದಲ್ಲಿ ಸೋತು ವಾಪಸು ಬಂದೆ.

ಪಂಕ್ತಿ ಎದ್ದ ಮೇಲೆ ಬೀದಿಯವರ ಸರದಿ. ಹೂವಿನ ಮುದುಕಿಯನ್ನು ನಾನೇ ಕೈ ಹಿಡಿದು ಕರೆತಂದೆ. ಅವಳ ಎರಡೂ ಕಣ್ಣಲ್ಲಿ ಪೊರೆ ಬಲಿತಿದೆ, ಆಪರೇಷನ್ ಆಗಬೇಕು, ಕಾಸು ಬೇಡ, ವ್ಯಾನಿನಲ್ಲೇ ಕರೆದುಕೊಂಡು ಹೋಗಿ ಬಿಡುತ್ತೇವೆ ಎಂದರು. ಅವಳು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಎನ್ ಎಡತ್ತೈ ಯಾರು ಪಾತ್ತುಪ್ಪಾ?" ನನ್ನ ಜಾಗ ಯಾರು ನೋಡಿಕೊಳ್ಳುತ್ತಾರೆ? ಫುಟ್‌ಪಾತಿನ ಜಾಗ ಎರಡು ದಿನ ಖಾಲಿ ಬಿದ್ದರೆ ಮೂರನೆಯ ದಿನ ಅಲ್ಲಿ ಮೊಬೈಲ್ ಕವರು ಮಾರುವವರು ಕೂತಿರುತ್ತಾರೆ. ಬುಟ್ಟಿ ತಡಕಿ ಎತ್ತಿಕೊಂಡು ಅವಳು ತನ್ನ ಜಾಗಕ್ಕೆ ಹೋದಳು.

ಅಷ್ಟರಲ್ಲಿ ಹನ್ನೊಂದೂವರೆ ಆಯಿತು. ಬಾಗಿಲು ತೆರೆದರೆ ಬೀದಿಯ ಬಿಸಿಲು ಸೂಜಿಯ ಹಾಗೆ ಒಳಗೆ ನುಗ್ಗಿತು. ಗಲ್ಲಾದಲ್ಲಿ ಕೂತ ನನಗೆ ಟೋಕನ್ನಿನ ಮೇಲಿನ ಅಕ್ಷರವೆಲ್ಲ ಕಲಸಿದ ಅನ್ನ. ನನ್ನ ಗಂಡ ಬಾಗಿಲಲ್ಲಿ ನಿಂತು, "ವಾಂಗೋ ವಾಂಗೋ" ಎಂದು ಕೈ ಮುಗಿದು ನಮ್ಮದೇ ನೀರು ತುಂಬುವವನನ್ನು ಎಲೆಯ ಮುಂದೆ ಕೂರಿಸಿದರು. ಲಾಡ್ಜಿನಿಂದ ದಿನಾ ಊಟಕ್ಕೆ ಬರುವ ಹಿರಿಯರೊಬ್ಬರ ಅನ್ನಕ್ಕೆ ಸಾಂಬಾರಿನ ಬದಲು ಪಾಯಸ ಬಿತ್ತು. ಆ ಪುಣ್ಯಾತ್ಮರು ಬಾಯಿ ಬಿಡದೆ ಕಲಸಿ ತಿಂದು, ಇನ್ನೊಂದು ಸೌಟು ಹಾಕಿಸಿಕೊಂಡರು. ಅಡಿಗೆಯವನು ರಸಂಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ನೆನಪಾಗದೆ ಇನ್ನೊಮ್ಮೆ ಹಾಕಿ, ಸಂಶಯಕ್ಕೆ ಮತ್ತೊಮ್ಮೆ ಹಾಕಿದ. ಒಳಗೆ ಇಬ್ಬರು ಡಿಕ್ಕಿ ಹೊಡೆದುಕೊಂಡು ಪಲ್ಯದ ಪಾತ್ರೆ ನೆಲಕ್ಕೆ ಬಿತ್ತು. ಅದರ ಸದ್ದಿಗೆ ನಾನು ತಡಕಾಡುತ್ತ ಅಡಿಗೆಮನೆಗೆ ಓಡಿದೆ.

ಅಲ್ಲಿ ನಟ್ಟನಡುವೆ ಭಟ್ರು ಕೈ ಎತ್ತಿ ನಿಂತಿದ್ದರು.

"ಯಾರೂ ಎಂತದೂ ಮುಟ್ಟುಕಿಲ್ಲೆ! ಇದ್ದಲ್ಲೇ ನಿಲ್ಲಿ!"

ಎಲ್ಲರೂ ನಿಂತರು. ಭಟ್ರು ರಸದ ಪಾತ್ರೆಯ ಕಡೆ ಕೈ ತೋರಿಸಿದರು. "ಆ ರಸ ಚೆಲ್ಲಿ, ಡಬ್ಬಿ ಸದ್ದ್ ಮೂರ್ ಸಲ ಆಯ್ತ್, ಉಪ್ಪಿನ ಸಮುದ್ರ ಅದ್. ಹೊಸತ್ ಮಾಡುಕೆ ಬೇಳೆ ನೀರ್ ಕಿಟಕಿ ಕೆಳಗಿತ್ತ್." ಬಡಿಸುವವರನ್ನು ಒಬ್ಬೊಬ್ಬರನ್ನಾಗಿ ಭುಜ ಹಿಡಿದು ತಿರುಗಿಸಿದರು. "ಬಾಗ್ಲಿಂದ ಒಂಬತ್ತ್ ಹೆಜ್ಜೆಗೆ ಮೊದಲ್ನೇ ಮೇಜು. ಎಡಗೈಲಿ ಮೇಜಿನ ಅಂಚ್ ಸವರಿಕಂಡ್ ಹೋಯ್ನಿ. ಸಾಂಬಾರ್ ಬಕೀಟಿಗೆ ಹಿಡಿಕೆಲಿ ದಾರ ಕಟ್ಟಿದ್ದೆ, ಪಾಯಸದ್ದಕ್ಕೆ ಇಲ್ಲೆ, ಮುಟ್ಟಿ ಕಾಣಿ. ಲೋಟ ತುಂಬುದ್ ಕಿವಿಗೆ ಗೊತ್ತಾತ್ತ್, ನೀರಿನ ಸದ್ದ್ ಸಣ್ಣ ಆಯ್ಕಂಡ್ ಬತ್ತ್." ನನ್ನ ಗಂಡನನ್ನು ಬಾಗಿಲಿನಿಂದ ಕರೆಸಿ ಒಂದು ಸ್ಟೂಲಿನ ಮೇಲೆ ಕೂರಿಸಿ, "ನೀವ್ ಮಾತ್ರ ಎಂತದೂ ಮಾಡ್ಬೇಡಿ" ಎಂದರು.

ಅರ್ಧ ಗಂಟೆಯಲ್ಲಿ ಹೋಟೆಲು ದಾರಿಗೆ ಬಂತು. ಎಲ್ಲರೂ ಭಟ್ರು ಹೇಳಿದ ಹೆಜ್ಜೆ ಎಣಿಸಿಕೊಂಡು ಓಡಾಡಿದರು. ನಾನು ಗೋಡೆಗೆ ಒರಗಿ ನಿಂತು ಹೆಮ್ಮೆಯಿಂದ ನೋಡುತ್ತಿದ್ದೆ. ನನ್ನ ಕಣ್ಣಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ, ಆ ಮೂಲೆಯಲ್ಲಿದ್ದ ಭಟ್ರು ಮಾತ್ರ ಒಂದು ಮಟ್ಟಿಗೆ ಕಾಣುತ್ತಿದ್ದರು. ಹುಳಿ ಪಾತ್ರೆಯಿಂದ ಸೌಟು ಎತ್ತುವಾಗ ಅವರ ಮುಖ ಪಾತ್ರೆಯ ಕಡೆ ಇರಲಿಲ್ಲ. ಎದುರಿನ ಖಾಲಿ ಗೋಡೆಯ ಕಡೆ ಇತ್ತು. ಒಂಬತ್ತು ಹೆಜ್ಜೆ ಎಂದು ಎಣಿಸಿಟ್ಟುಕೊಳ್ಳುವ ಅಗತ್ಯ, ಹಿಡಿಕೆಗೆ ದಾರ ಕಟ್ಟಿಟ್ಟುಕೊಳ್ಳುವ ಅಗತ್ಯ ಯಾರಿಗೆ ಬರುತ್ತದೆ? ಎಣ್ಣೆ ಡಬ್ಬಿ ನಾಲ್ಕು ಬೆರಳು ಆಚೆ ಹೋದರೆ ಯಾರಿಗೆ ಸಿಟ್ಟು ಬರುತ್ತದೆ? ನನ್ನ ಹೆಮ್ಮೆ ಅಲ್ಲೇ ಇಳಿಯಿತು.

ಮೂರೂವರೆಗೆ ಊಟ ಮುಗಿಯಿತು. ಕಣ್ಣು ತುಸು ತಿಳಿಯಾದ ಮೇಲೆ ಭಟ್ರ ಗೂಡಿನ ಮೊಳೆಗೆ ನೇತುಹಾಕಿದ್ದ ಪಂಚಾಂಗವನ್ನು ತೆಗೆದು, ಕೈ ಉದ್ದ ಚಾಚಿ ಹಿಡಿದು ಓದಿದೆ. ಅದು ನಾಲ್ಕು ವರ್ಷ ಹಿಂದಿನ ಸಂವತ್ಸರದ್ದು. ಆಮೇಲೆ ಪ್ರತಿ ಯುಗಾದಿಗೂ ಊರಿನಿಂದ ಬಂದ ಹೊಸ ಪಂಚಾಂಗಗಳು ಕವರು ಬಿಚ್ಚದೆ ಅದರ ಕೆಳಗೆ ಬಿದ್ದಿದ್ದವು.

ಭಟ್ರು ಹಿತ್ತಲ ಬಾಗಿಲಲ್ಲಿ ಕೂತಿದ್ದರು. ಅವರ ಮುಂದೆ ನಿಂತು ಕೇಳಿದೆ.

"ಭಟ್ರೇ, ನಾನು ಉಟ್ಟ ಸೀರೆ ಯಾವ ಬಣ್ಣದ್ದು?"

"ಪರರ ಸೀರೆ ಕಾಂಬು ವಯಸ್ಸಾ ಅಮ್ಮ ನಂದ್?"

"ಪಂಚಾಂಗ ಯಾವ ವರ್ಷದ್ದು?"

ಅವರು ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಸವರಿದರು. "ತಿಥಿ ಬೆರಳಲ್ಲಿ ಎಣಿಸ್ತಾ ಇದ್ದೆ. ನಡುವೆ ಎಲ್ಲೋ ತಪ್ಪಿರ್ಕ್" ಎಂದರು.

"ಹೇಳೂದಕ್ಕೆ ಏನಾಗಿತ್ತು?"

ಭಟ್ರು ಹಿತ್ತಲ ಮೂಲೆಯ ಕಡೆ ಕೈ ತೋರಿಸಿದರು. ಅಲ್ಲಿ ಈರುಳ್ಳಿ ಸುಲಿಯುವವರು ಕೂರುವ ಮಣೆ ಇತ್ತು. ನನ್ನ ಮಾವನವರ ಕಾಲದಲ್ಲಿ, ಭಟ್ರಿಗಿಂತ ಮೊದಲು ಕಾವಲಿಯ ಮುಂದೆ ನಿಲ್ಲುತ್ತಿದ್ದ ಹಿರಿಯರೊಬ್ಬರಿಗೆ ಕಣ್ಣು ಮಂಜಾದಾಗ ಅವರನ್ನು ಆ ಮಣೆಯ ಮೇಲೆ ಕೂರಿಸಿದ್ದರು. ಕಳಿಸದೆ ಉಳಿಸಿಕೊಂಡದ್ದು ದೊಡ್ಡ ಮನಸ್ಸು ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳಿಕೊಳ್ಳುತ್ತೇವೆ. ಅವರು ಕೊನೆಯ ತನಕ ಈರುಳ್ಳಿ ಸುಲಿದೇ ಹೋದರು.

"ಆ ಕಾವಲಿ ನಂಗ್ ಸಿಕ್ಕಿದ್ದ್ ಹಾಂಗೆ ಅಮ್ಮ. ಅವ್ರ್ ಅಲ್ಲಿ ಕೂಕಂಡ್ ನನ್ನ ದೋಸೆ ಸದ್ದ್ ಕೇಂತಾ ಇದ್ರ್. ನಾ ಆಪರೇಷನ್ನಿಗೆ ಹೋದ್ರೆ ಇನ್ನೊಬ್ಬ ಬತ್ತ. ಅವ್ನ ದೋಸೆ ಸದ್ದ್ ನಾ ಕೇಣ್ಕ್."

ನಾನು ಅತ್ತುಬಿಟ್ಟೆ. ಹನಿಯಿಂದ ಎಂದು ಹೇಳಿ ಕಣ್ಣು ಒರೆಸಿಕೊಂಡೆ.

ಮೇಡಂಗೆ ಫೋನು ಮಾಡಿದೆ. ಭಟ್ರ ಪರೀಕ್ಷೆಯಾಯಿತು. ಎರಡೂ ಕಣ್ಣಲ್ಲಿ ಬಲಿತ ಪೊರೆ. ಮೊದಲು ಒಂದಕ್ಕೆ ಆಪರೇಷನ್, ಆಮೇಲೆ ಒಂದು ತಿಂಗಳು ಒಲೆಯ ಹತ್ತಿರ ಸುಳಿಯಬಾರದು. ನನ್ನ ಗಂಡ ಮೈಲಾಪೂರಿನಿಂದ ಒಬ್ಬ ದೋಸೆಯವನನ್ನು ತಿಂಗಳ ಮಟ್ಟಿಗೆ ಕರೆಸುತ್ತೇನೆ ಎಂದರು. ನಾನು ಬೇಡ ಎಂದೆ. ಬೇರೆ ಕೈ ಆ ಕಾವಲಿ ಮುಟ್ಟಿದರೆ ಭಟ್ರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

"ದೋಸೆ ಇಲ್ಲದ ಹೋಟೆಲು ನಡೆಸೋದಾ? ನಿನಗೆ ತಲೆ ಸರಿ ಇದೆಯಾ?"

ಆಗ ಮೇಲಿನ ಕಿಟಕಿಯಿಂದ ಅತ್ತೆಯ ಧ್ವನಿ ಬಂತು. "ತಲೆ ಸರಿ ಇಲ್ಲದವ್ರ್ ಊರಿಗೆಲ್ಲ ಒಟ್ಟಿಗೆ ಹನಿ ಹಾಕಿಸಿದ್ರಲ್ಲ, ಅವ್ರ್. ಕಾವಲಿ ಕವುಚಿ ಹಾಕಿ." ಅಲ್ಲಿಗೆ ಆ ಮಾತು ಮುಗಿಯಿತು. ಕವುಚಿದ ಕಾವಲಿಯನ್ನು ಭಟ್ರು ಮೂರು ಸಲ ಸವರಿ ನೋಡಿ, ಆಮೇಲೆ ವ್ಯಾನು ಹತ್ತಿದರು. ನಾನು ತಮಿಳಿನಲ್ಲೂ ಕನ್ನಡದಲ್ಲೂ ಒಂದು ಬೋರ್ಡು ಬರೆದು ಬಾಗಿಲಿಗೆ ತೂಗುಹಾಕಿದೆ: ಭಟ್ರು ಬರುವವರೆಗೆ ದೋಸೆ ಇಲ್ಲ.

ಆ ಬೋರ್ಡು ಮಾಡಿದ ಕೆಲಸವನ್ನು ಮೇಡಂ ಹಂಚಿದ ಚೀಟಿಗಳು ಯಾವತ್ತೂ ಮಾಡಿರಲಿಲ್ಲ. ಚೀಟಿಯಲ್ಲಿ ಜನ ಬಜ್ಜಿಯ ಎಣ್ಣೆ ಹಿಂಡುತ್ತಿದ್ದರು. ದೋಸೆ ಇಲ್ಲ ಎಂದರೆ ಮಾತ್ರ ಇಡೀ ಬೀದಿಗೆ ಕಾರಣ ಬೇಕು. ಭಟ್ರು ಎಲ್ಲಿ? ಕಣ್ಣಿಗೆ ಏನಾಯಿತು? ಎಲ್ಲಿ ಮಾಡಿದರು? ನೋವಾಯಿತಾ? ಕಣ್ಣು ಕಿತ್ತು ತಟ್ಟೆಯಲ್ಲಿಟ್ಟು ಒರೆಸಿ ವಾಪಸು ಹಾಕುತ್ತಾರಂತೆ, ಹೌದಾ? ನಾನು ದಿನವಿಡೀ ಗಲ್ಲಾದಲ್ಲಿ ಕೂತು ಪೊರೆ, ಹನಿ, ವ್ಯಾನು ಎಂದು ಪಾಠ ಒಪ್ಪಿಸಿ, ಮುಂದಿನ ಕ್ಯಾಂಪಿಗೆ ಬರುವವರ ಹೆಸರು ಬರೆದುಕೊಂಡೆ. ಸಿಟ್ಟಿಗೆದ್ದು ಬಂದವರೂ ಹೋಗುವಾಗ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಎದುರಿನ ಅಂಗಡಿಯ ಹೆಸರು ಓದಿ ನೋಡುತ್ತಿದ್ದರು. ಇಷ್ಟು ಜನ ಹೆಸರು ಬರೆಸಿದ್ದನ್ನು ಕಂಡು ಮೇಡಂ ಯಾರ ಹತ್ತಿರ ಜಗಳವಾಡಿದರೋ, ಮುಂದಿನ ಕ್ಯಾಂಪಿನಿಂದ ವ್ಯಾನು ಪ್ರತಿ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೇ ಬರತೊಡಗಿತು. ಹನಿಯೂ ಪಂಕ್ತಿಯಲ್ಲಿಲ್ಲ, ಇಬ್ಬಿಬ್ಬರಿಗೆ.

ತಿಂಗಳು ಕಳೆದು ಭಟ್ರು ಕಾವಲಿಯನ್ನು ತಾವೇ ಮಗುಚಿ ಒಲೆ ಹಚ್ಚಿದರು. ನಾವೆಲ್ಲ ಸುತ್ತ ನಿಂತಿದ್ದೆವು. ಮೊದಲ ದೋಸೆ ಹುಯ್ದು ಬಗ್ಗಿ ನೋಡಿದ ಭಟ್ರ ಮುಖ ಬಿಳಿಚಿತು.

"ಇದೆಂತದ್ ಇದ್! ಒಂದ್ ಬದಿ ಬಾಲ ಇತ್ತ್! ನಾಕ್ ವರ್ಷ ಇದನ್ನೇ ತಿಂದ್ರ್ಯಾ? ಯಾರೂ ಹೇಳ್ಲಿಲ್ಯಾ?"

ನಾವು ಅದು ನಮ್ಮ ಹೋಟೆಲಿನ ಕ್ರಮ ಎಂದುಕೊಂಡಿದ್ದೆವು, ಏನು ಹೇಳುವುದು? ಆಮೇಲೆ ಅವರು ಹೊಸ ಪಂಚಾಂಗ ಬಿಚ್ಚಿ, ಕಿಟಕಿಯ ಕೆಳಗೆ ನಿಂತು, ತಪ್ಪು ದಿನ ಉಪವಾಸ ಮಾಡಿಸಿದ್ದಕ್ಕೆ ಅತ್ತೆಯ ಕ್ಷಮೆ ಕೇಳಿದರು. "ಹಸಿದದ್ದ್ ಹಸಿದದ್ದೇ ಭಟ್ರೇ. ದೇವ್ರಿಗೆ ಕಣ್ಣ್ ಕಾಂತಿತ್ತಲ್ಲ" ಎಂದರು ಅತ್ತೆ.

ಒಂದು ಮಧ್ಯಾಹ್ನ ಭಟ್ರು ಹೂವಿನ ಮುದುಕಿಯ ಮುಂದೆ ನಿಂತು ಅವಳ ಬೆರಳುಗಳನ್ನೇ ನೋಡುತ್ತಿದ್ದರು. ಅವಳು ಮೊಗ್ಗಿನ ತೊಟ್ಟನ್ನು ತುಟಿಗೆ ತಾಗಿಸಿ ಗುರುತು ಹಿಡಿದು ದಾರಕ್ಕೆ ಸೇರಿಸುತ್ತಿದ್ದಳು, ಮುಖ ಮಾತ್ರ ಬೀದಿಯ ಕಡೆ. ಭಟ್ರು ಒಳಗೆ ಬಂದು, ನೇರ ಹಿತ್ತಲಿಗೆ ಹೋಗಿ ಈರುಳ್ಳಿಯ ಮಣೆಯನ್ನು ತೊಳೆದು ಬಿಸಿಲಿಗಿಟ್ಟರು.

ಮರು ಮಂಗಳವಾರ ಅವಳು ವ್ಯಾನು ಹತ್ತಿದಳು. ಹತ್ತುವ ಮೊದಲು ಎರಡು ಸಲ ತಿರುಗಿ ಕೈಯಿಂದ ಗಾಳಿ ತಡಕಿದಳು. "ನಾನ್ ಇಂಗೇ ಇರುಕ್ಕೇನ್, ನೀ ಪೋ", ನಾನು ಇಲ್ಲೇ ಇದ್ದೇನೆ, ನೀನು ಹೋಗು, ಎಂದು ಭಟ್ರು ಅವಳ ಜಾಗದಿಂದಲೇ ಕೂಗಿದರು. ಅಲ್ಲಿ ಮಣೆ ಹಾಕಿ, ಅವಳ ಖಾಲಿ ಬುಟ್ಟಿಯನ್ನು ಮುಂದಿಟ್ಟುಕೊಂಡು ಕೂತಿದ್ದರು. ಅವಳು ವಾಪಸು ಬರುವವರೆಗೂ ದಿನಾ ಬಿಡುವಿನ ಹೊತ್ತಿನಲ್ಲಿ ಅವರೇ ಕೂತರು, ಅವರು ಕಾವಲಿಗೆ ಎದ್ದಾಗ ನನ್ನ ಗಂಡನನ್ನು ಕೂರಿಸಿದರು. ನನ್ನ ಕೈಯಲ್ಲಿ ತಮಿಳಿನಲ್ಲಿ ಬರೆಸಿಕೊಂಡ ದೊಡ್ಡ ಬೋರ್ಡೊಂದು ಬುಟ್ಟಿಗೆ ಒರಗಿತ್ತು: ಅಮ್ಮ ಬರುವವರೆಗೆ ಹೂವಿಲ್ಲ.

ಎರಡನೆಯ ದಿನ ಒಬ್ಬ ಹೆಂಗಸು ಬಂದು ಬುಟ್ಟಿಯ ಮುಂದೆ ಬಗ್ಗಿ, "ಒರು ಮೊಳಂ ಎವ್ವಳವು?" ಎಂದು ಮಲ್ಲಿಗೆಯ ರೇಟು ಕೇಳಿದಳು. ಭಟ್ರು ಖಾಲಿ ಬುಟ್ಟಿ ನೋಡಿದರು, ಅಷ್ಟು ದೊಡ್ಡ ಬೋರ್ಡು ನೋಡಿದರು, ಮತ್ತೆ ಅವಳ ಮುಖ ನೋಡಿದರು. ಮಣೆಯನ್ನು ಸ್ವಲ್ಪ ಸರಿಸಿ ಅವಳಿಗೆ ಕೂರಲು ಜಾಗ ಮಾಡಿಕೊಟ್ಟು, ಒಳಗಿದ್ದ ನನಗೆ ಕೂಗಿದರು.

"ಅಮ್ಮ, ಮಂಗಳವಾರಕ್ಕೆ ಇವ್ರ ಹೆಸ್ರೂ ಬರ್ಕಣಿ."